ಹುಣಸೆಕೊಪ್ಪಲಿನ ಬೆಳಗಿನ ಬಸ್ಸು

ಮೊನ್ನೆ ಮಂಡ್ಯದಲ್ಲಿ, ಹೊಲಿಯಲು ಕೊಟ್ಟಿದ್ದ ರವಿಕೆ ತರೋಣವೆಂದು ಟೈಲರ್ ಅಂಗಡಿಗೆ ಹೋಗಿದ್ದೆ. ಟೈಲರು ಒಳಗೆ ಹುಡುಕುತ್ತಿದ್ದರು. ಹುಡುಕುತ್ತಿದ್ದಾರೆ ಎಂದರೆ ಇನ್ನೂ ಹೊಲಿದಿಲ್ಲ ಎಂದರ್ಥ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತೆ. ಹಿಂದುಗಡೆ ಯಾರೋ ಹೊಸ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದರು. ಕಾದ ಹೊಸ ಬಟ್ಟೆಯಿಂದ ಒಂದು ವಾಸನೆ ಏಳುತ್ತದಲ್ಲ, ಗಂಜಿಯದೋ ಬಣ್ಣದ್ದೋ ಹೇಳಲಾಗದಂಥದ್ದು, ಅದು ಮೂಗಿಗೆ ಮುಟ್ಟಿದ್ದೇ ತಡ, ನಾನು ಆ ಸ್ಟೂಲಿನ ಮೇಲೆ ಇರಲಿಲ್ಲ. ಮಳವಳ್ಳಿ ಕಡೆಯಿಂದ ಮದ್ದೂರಿಗೆ ಬರುವ ಒಂದು ಹಳೆಯ ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದೆ. ನನ್ನ ತೊಡೆಯ ಮೇಲೆ ಬೇರೆ ಯಾರದೋ ಬಟ್ಟೆಗಂಟು. ಪಕ್ಕದಲ್ಲಿ ಪಂಕಜಾ ಮೇಡಂ, ಎಂದಿನಂತೆ, ಕುಳಿತಲ್ಲೇ ನಿದ್ದೆ.

ಪಂಕಜಾ ಮೇಡಂ ಅರ್ಥಶಾಸ್ತ್ರಜ್ಞೆ. ಅರ್ಥಶಾಸ್ತ್ರಜ್ಞೆ ಎಂದರೆ ನಿಮ್ಮ ಕಣ್ಣ ಮುಂದೆ ಬರುವವರು ಯಾರೋ ನನಗೆ ಗೊತ್ತಿಲ್ಲ; ನನ್ನ ಕಣ್ಣ ಮುಂದೆ ಬರುವವರು ಕೊಡೆ ಹಿಡಿದ, ನೂಲಿನ ಸೀರೆಯ, ಹೆಗಲ ಚೀಲದಲ್ಲಿ ಪುರಿಗಡಲೆಯ ಪೊಟ್ಟಣ ಇಟ್ಟುಕೊಂಡ ಒಬ್ಬ ದುಂಡನೆಯ ಹೆಂಗಸು. ದೇಶದ ಆರ್ಥಿಕತೆಯ ಗೊಡವೆಗೆ ಅವರು ಹೋಗುತ್ತಿರಲಿಲ್ಲ. ಒಂದು ಸೀಮೆ, ಅದರಲ್ಲೊಂದಿಷ್ಟು ಊರು, ಆ ಊರುಗಳು ಒಂದಕ್ಕೊಂದು ಹೇಗೆ ಆತುಕೊಂಡು ನಿಂತಿವೆ ಎನ್ನುವುದು ಅವರ ಅಧ್ಯಯನ. "ಒಂದೂರು ಮುಂದಕ್ಕೆ ಬಂತು ಅಂತಾರಲ್ಲ, ಯಾರ ಹೆಗಲ ಮೇಲೆ ಕೈಯಿಟ್ಟು ಬಂತು ಅನ್ನೋದನ್ನ ನೋಡ್ಬೇಕು ಕಣೇ" ಎನ್ನುತ್ತಿದ್ದರು. ಎಂದು, ಪುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ನಾನಾಗ ಎಂ.ಎ. ಮುಗಿಸಿ ಮದ್ದೂರಿನ ನಮ್ಮ ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದೆ. ಕುಳಿತಿದ್ದೆ ಎನ್ನುವುದಕ್ಕಿಂತ ಮಲಗಿದ್ದೆ ಎನ್ನುವುದು ಹೆಚ್ಚು ಸರಿ. ನನ್ನ ಕಾಲೇಜಿನ ಮೇಷ್ಟ್ರೊಬ್ಬರು, "ಹಳ್ಳಿ ಸರ್ವೆ ಮಾಡೋಕೆ ಒಬ್ಬ ಹುಡುಗಿ ಬೇಕಂತೆ, ಹೋಗು" ಎಂದರು. ಹೋದೆ. ಮೇಡಂ ಮಳವಳ್ಳಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು. ನನ್ನ ಅಂಕಪಟ್ಟಿಯನ್ನು ಅವರು ನೋಡಲೇ ಇಲ್ಲ. "ನಡೀತೀಯಾ?" ಎಂದು ಕೇಳಿದರು. "ನಡೀತೀನಿ ಮೇಡಂ." "ಸುಮ್ನೆ ಕೂರ್ತೀಯಾ?" ಅದರಲ್ಲಂತೂ ನನಗೆ ಒಳ್ಳೆಯ ಅಭ್ಯಾಸವಿತ್ತು. ಕೆಲಸ ಸಿಕ್ಕಿತು, ಇರಲು ಆ ಎರಡು ಕೋಣೆಗಳಲ್ಲಿ ಒಂದೂ ಸಿಕ್ಕಿತು.

ಆ ವರ್ಷ ಅವರು ಹಿಡಿದಿದ್ದ ವಿಷಯ ಒಂದು ಬಸ್ಸು. ನಗಬೇಡಿ, ನಾನೂ ನಕ್ಕಿದ್ದೆ. ಬೆಳಗ್ಗೆ ಮಳವಳ್ಳಿಯಿಂದ ಹೊರಟು, ದೊಡ್ಡ ರಸ್ತೆ ಬಿಟ್ಟು, ನಾಲೆಯ ಏರಿಯ ಮೇಲೆ ಒಳಕ್ಕೆ ಹೋಗಿ, ಹುಣಸೆಕೊಪ್ಪಲೆಂಬ ಊರನ್ನು ಮುಟ್ಟಿ, ಮತ್ತೆ ದೊಡ್ಡ ರಸ್ತೆಗೆ ಬಂದು ಭಾರತೀನಗರದ ಮೇಲೆ ಮದ್ದೂರಿಗೆ ಹೋಗುವ ಬಸ್ಸು. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಈ ಒಳದಾರಿಯಲ್ಲಿ ಹತ್ತುವವರೇ ಇಲ್ಲ, ಬಸ್ಸು ನೆಟ್ಟಗೆ ದೊಡ್ಡ ರಸ್ತೆಯಲ್ಲೇ ಹೋಗಲಿ ಎಂಬ ಮಾತು ಮೇಲಿನವರಲ್ಲಿ ನಡೆದಿತ್ತು. ಮೇಡಂ ಮಾಡುತ್ತಿದ್ದ ಅಧ್ಯಯನವನ್ನೂ ಒಮ್ಮೆ ಕೇಳಿಬಿಡೋಣ, ಆಮೇಲೆ ತೀರ್ಮಾನ ಮಾಡೋಣ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದರು. ಆ ಬಸ್ಸು ಊರಿಗೆ ಏನು ಮಾಡುತ್ತದೆ, ಇಲ್ಲದಿದ್ದರೆ ಏನಾಗುತ್ತದೆ, ಇದಿಷ್ಟು ನಾವು ಹುಡುಕಬೇಕಾಗಿದ್ದದ್ದು.

ಆ ಬಸ್ಸಿನ ಪ್ರಯಾಣವನ್ನು ನಿಮಗೆ ಹೇಗೆ ಹೇಳಲಿ! ಕಬ್ಬಿನ ಕಾಲದಲ್ಲಿ ಅದರ ಮುಂದೆ ಯಾವಾಗಲೂ ಒಂದು ಟ್ರಾಕ್ಟರು, ಟ್ರಾಕ್ಟರಿನ ಮುಂದೆ ಒಂದು ಎತ್ತಿನ ಗಾಡಿ. ಎತ್ತು ನಡೆದಷ್ಟೇ ಬಸ್ಸು ನಡೆಯುವುದು. ಒಂದು ಮಗ್ಗುಲಲ್ಲಿ ನಾಲೆಯ ನೀರು, ಅದರ ಹೊಳಪು ಬಸ್ಸಿನ ಒಳಚಾವಣಿಯ ಮೇಲೆ ಬಿದ್ದು ತೂಗುತ್ತಿತ್ತು. ಇನ್ನೊಂದು ಮಗ್ಗುಲಲ್ಲಿ ನಾಟಿಯಾದ ಗದ್ದೆ. ಭಾರತೀನಗರ ಹತ್ತಿರವಾದಂತೆ ಕಾರ್ಖಾನೆಯ ಕಡೆಯಿಂದ ಕಬ್ಬಿನ ಹಾಲು ಕುದಿಯುವ ಸಿಹಿ ಕಮಟು. ಬಸ್ಸಿನಲ್ಲಿ ಎಲ್ಲರೂ ಅರೆನಿದ್ದೆಯಲ್ಲಿ ಇರುತ್ತಿದ್ದರು. ಒಂದು ಹಳ್ಳಿ ಅರ್ಧ ಕನಸಿನಲ್ಲೇ ಇನ್ನೊಂದು ಊರಿಗೆ ಹೋಗಿಬರುತ್ತಿದೆಯೇನೋ ಅನಿಸುತ್ತಿತ್ತು. ನನಗೆ ಇವತ್ತಿಗೂ ಕೆಲವು ಸಲ ಆ ಬಸ್ಸು ಕನಸಿನಲ್ಲಿ ಬರುತ್ತದೆ. ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ. ಎಚ್ಚರವಾದಾಗ ಬೇಸರವೂ ಆಗುವುದಿಲ್ಲ.

ಕೆಲಸಕ್ಕೆ ಬರೋಣ. ಹುಣಸೆಕೊಪ್ಪಲಿನ ಮನೆಮನೆಗೂ ಹೋಗಿ ಫಾರಂ ತುಂಬುವುದು ನನ್ನ ಪಾಲಿಗೆ ಬಂತು. ಹೆಸರು, ವಯಸ್ಸು, ಉದ್ಯೋಗ, ಬಸ್ಸು ಬಳಸುತ್ತೀರಾ, ಯಾತಕ್ಕೆ, ಹೀಗೆ. ಪ್ರತಿ ಹಾಳೆಯ ಬಲಗಡೆ ಮೇಡಂ ಎರಡು ಬೆರಳಗಲ ಖಾಲಿ ಜಾಗ ಬಿಡಿಸಿದ್ದರು. "ಪ್ರಶ್ನೆಗೆ ಸಂಬಂಧವಿಲ್ಲದ್ದು ಏನೇ ಹೇಳಿದ್ರೂ ಇಲ್ಲಿ ಬರಿ. ಮೊದಲು ಹೋಗಿ ಜಗಲಿ ಮೇಲೆ ಕೂತ್ಕೊ. ಕುಡಿಯೋಕೆ ನೀರು ಕೇಳು. ಅವರು ನಿನ್ನ ಊರು ಯಾವುದು, ಯಾರ ಮಗಳು ಅಂತ ಕೇಳ್ತಾರೆ. ಅದೆಲ್ಲ ಮುಗಿದ ಮೇಲೆ ಹಾಳೆ ತೆಗಿ." ಅದರಂತೆ ನಾನು ಅಂಚಿನಲ್ಲಿ ಬರೆಯುತ್ತ ಹೋದೆ. 'ಹಸು ಮೂರು ದಿನದಿಂದ ಮೇವು ಮುಟ್ಟಿಲ್ಲವಂತೆ.' 'ನಿಂಗ್ ಮದ್ವೆ ಆಗಿದ್ದದಾ ಎಂದು ಕೇಳಿದರು.' 'ನಿಮ್ ಮೇಡಮ್ಮು ಯಾಕ್ ಅಷ್ಟೊಂದ್ ನಿದ್ದೆ ಮಾಡ್ತಾರೆ ಎಂದು ಕೇಳಿದರು.' ಈ ಕೊನೆಯದನ್ನೂ ಬರೆದು ಮೇಡಂ ಕೈಗೆ ಕೊಟ್ಟಿದ್ದೆ. ಓದಿ, ಸರಿ ಎಂಬ ಗುರುತು ಹಾಕಿದರು.

ಒಂದು ಮಧ್ಯಾಹ್ನ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಯುಗಾದಿ ಕಳೆದ ಬಿಸಿಲು, ನೆಲ ಕಾದ ಹೆಂಚು. ನಾಲೆಯ ಪಕ್ಕದ ಸಾಲಿನಲ್ಲಿ ಇನ್ನು ಮೂರೇ ಮನೆ ಉಳಿದಿದ್ದವು. ದಾರಿಯಲ್ಲೊಂದು ಹೊಂಗೆಮರ ಸಿಕ್ಕಿತು. ಹೊಂಗೆಯ ನೆರಳು ಎಂಥದೆಂದು ನಿಮಗೆ ಗೊತ್ತಲ್ಲ. ಕಾಲಿಟ್ಟರೆ ಎತ್ತಲು ಮನಸ್ಸು ಬರುವುದಿಲ್ಲ. ಕುಳಿತೆ. ಕುಳಿತವಳು ಹಾಳೆ ತೆಗೆದೆ. ಚೀಲದಲ್ಲಿದ್ದ ಮತದಾರರ ಪಟ್ಟಿಯಲ್ಲಿ ಹೆಸರು, ವಯಸ್ಸು ಇದ್ದವು. ಉಳಿದದ್ದನ್ನು ನಾನೇ ಬರೆದೆ.

ಮೊದಲ ಎರಡನ್ನು ಬೇಗ ಮುಗಿಸಿದೆ. ಮೂರನೆಯದು ನಿಂಗಮ್ಮ ಎಂಬ ಹೆಂಗಸಿನದು, ಅರವತ್ತೈದು ದಾಟಿದವಳು. ಅವಳನ್ನು ಬರೆಯುವಾಗ ನನಗೆ ಹುಮ್ಮಸ್ಸೇ ಬಂದುಬಿಟ್ಟಿತು. ಉದ್ಯೋಗ: ಇಲ್ಲ. ಬಸ್ಸು: ಬಳಸುವುದಿಲ್ಲ. ಊರಿನಿಂದ ಹೊರಗೆ: ಹಬ್ಬ, ತಿಥಿಗೆ ಮಾತ್ರ. ಕಾರಣ: ಮಂಡಿನೋವು. ಆ ಮಂಡಿನೋವು ಹೊಳೆದಾಗ ನನಗೇ ನನ್ನ ಮೇಲೆ ಮೆಚ್ಚುಗೆಯಾಯಿತು. ಒಬ್ಬ ಮುದುಕಿಯನ್ನು ಕಣ್ಣಿಗೆ ಕಟ್ಟುವ ಹಾಗೆ ನಿಲ್ಲಿಸಿದ್ದೇನೆ ಅಂದುಕೊಂಡೆ. ಅವಳು ಗೋಡೆಗೊರಗಿ ಕಾಲು ನೀಡಿ ಕುಳಿತಿರುವುದು, ಮಂಡಿ ನೀವಿಕೊಳ್ಳುತ್ತಿರುವುದು ಎಲ್ಲ ಕಾಣಿಸಿತು. ಆಮೇಲೆ ಹಾಗೇ ಜೊಂಪು ಹತ್ತಿತು. ಸಂಜೆಯ ಬಸ್ಸಿಗೆ ಎದ್ದು ಮಳವಳ್ಳಿಗೆ ಬಂದೆ.

ಮೇಡಂ ಸಂಜೆ ಕಾಫಿಯ ಜೊತೆ ಫಾರಂ ಓದುತ್ತಿದ್ದರು. ಒಂದೊಂದನ್ನೂ ಕಾಗದ ಬಂದವರ ಹಾಗೆ ಓದುವುದು ಅವರ ರೂಢಿ. ಆ ದಿನದ ಕಟ್ಟಿನಿಂದ ಮೂರನ್ನು ತೆಗೆದು ಬೇರೆ ಇಟ್ಟರು. ಹೊಂಗೆಯ ಕೆಳಗಿನ ಮೂರೇ ಅವು.

"ಈ ಮೂರು ಜನ ಎಷ್ಟು ಚೆನ್ನಾಗಿ ಉತ್ತರ ಕೊಟ್ಟಿದ್ದಾರೆ ನೋಡು" ಎಂದರು.

ನಾನು ಕಾಫಿಯ ಲೋಟ ಎತ್ತಿ ಮತ್ತೆ ಕೆಳಗಿಟ್ಟೆ.

"ಕೇಳಿದ್ದಕ್ಕೆ ಮಾತ್ರ ಹೇಳಿದ್ದಾರೆ. ಹಸು ವಿಚಾರ ಇಲ್ಲ, ಸೊಸೆ ವಿಚಾರ ಇಲ್ಲ, ನಿನ್ನ ಮದುವೆ ವಿಚಾರವೂ ಇಲ್ಲ. ಅಂಚು ಪೂರ್ತಿ ಖಾಲಿ. ಇಷ್ಟು ವರ್ಷ ಹಳ್ಳಿ ತಿರುಗಿದೀನಿ, ಇಂಥವರು ನನಗೆ ಸಿಕ್ಕೇ ಇಲ್ಲವಲ್ಲೇ?"

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೋ ಏನೋ. ಅವರು ಬೈಯಲಿಲ್ಲ. ಲೋಟ ತೊಳೆದಿಟ್ಟು ಬಂದು, "ಬೆಳಗಿನ ಬಸ್ಸಿಗೆ ಇಬ್ಬರೂ ಹೋಗೋಣ. ಪಾಪ, ನಿಂಗಮ್ಮನವರ ಮಂಡಿನೋವು ಹೇಗಿದೆಯೋ ವಿಚಾರಿಸಿಕೊಂಡು ಬರೋಣ" ಎಂದರು. ಅಷ್ಟೇ. ಊಟಕ್ಕೆ ಕರೆದರು, ಉಪ್ಪಿನಕಾಯಿ ಬಡಿಸಿದರು. ಅವರ ಉಪ್ಪಿನಕಾಯಿ ತುಂಬ ರುಚಿ. ಅವತ್ತು ತಟ್ಟೆಯ ಅಂಚಿಗೆ ಸರಿಸಿಟ್ಟೆ.

ಮರುದಿನ ಹುಣಸೆಕೊಪ್ಪಲಿನಲ್ಲಿ ಬಸ್ಸಿನಿಂದ ಇಳಿದೆವು. ನನಗೆ ಭೂಮಿ ಬಾಯಿಬಿಡಲಿ ಅನಿಸುತ್ತಿತ್ತು. ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಕಂಡಕ್ಟರು ಬಾಗಿಲಲ್ಲಿ ನಿಂತು ಶಿಳ್ಳೆ ಹಾಕಬೇಕು, ಅಷ್ಟರಲ್ಲಿ ಓಣಿಯ ಆ ತುದಿಯಿಂದ ಯಾರೋ ಕೂಗಿದರು: "ತಡೀ ತಡೀ! ನಿಂಗಮ್ಮತ್ತೆ ಬತ್ತಾವ್ಳೆ!"

ತಿರುಗಿ ನೋಡಿದೆ. ಒಬ್ಬ ಮುದುಕಿ ಓಡಿ ಬರುತ್ತಿದ್ದಳು. ನಡೆದು ಅಲ್ಲ, ಓಡಿ. ತಲೆಯ ಮೇಲೊಂದು ಗಂಟು, ಕಂಕುಳಲ್ಲೊಂದು ಗಂಟು, ಸೀರೆಯನ್ನು ಮೊಳಕಾಲಿನವರೆಗೆ ಎತ್ತಿ ಕಟ್ಟಿ, ದೊಣ್ಣೆಯಂಥ ಕಾಲುಗಳನ್ನು ಧೂಳಿನಲ್ಲಿ ಧಡಧಡ ಇಡುತ್ತ. ಮೇಡಂ ನನ್ನ ಮುಖ ನೋಡಲಿಲ್ಲ. ಅವಳ ಮಂಡಿಯನ್ನು ನೋಡಿದರು, ಬಹಳ ಹೊತ್ತು.

"ಏನತ್ತೆ, ದಿನಾ ನಿಂದು ಇದೇ ಆಯ್ತು" ಎಂದ ಕಂಡಕ್ಟರು, ಗಂಟನ್ನು ಮೇಲಕ್ಕೆಳೆದುಕೊಳ್ಳುತ್ತ.

"ನಿನ್ ಬಸ್ಸು ದಿನಾ ಬ್ಯಾರೆ ಬ್ಯಾರೆ ವೊತ್ಗೆ ಬಂದ್ರೆ ನಾನೇನ್ ಮಾಡ್ಲಾ? ಸುಮ್ಕೆ ಹತ್ತುಸ್ಕೊ."

ಮೇಡಂ ನನ್ನ ತೋಳು ಹಿಡಿದರು. "ಹತ್ತು" ಎಂದರು. ಇಳಿದ ಬಸ್ಸಿಗೇ ನಾವು ಮತ್ತೆ ಹತ್ತಿದೆವು.

ಅಜ್ಜಿಯ ಪಕ್ಕದ ಸೀಟು ಸಿಕ್ಕಿತು. ಇಬ್ಬರ ನಡುವೆ ಇಡಲು ಜಾಗವಿಲ್ಲದೆ ಒಂದು ಗಂಟು ನನ್ನ ತೊಡೆಯ ಮೇಲೆ ಬಂತು. ಅದರಿಂದಲೇ ಬಂದದ್ದು ನಾನು ಮೊದಲಿಗೆ ಹೇಳಿದೆನಲ್ಲ, ಆ ಹೊಸ ಬಟ್ಟೆಯ ವಾಸನೆ. ಮೇಡಂ ಏನೂ ಕೇಳಲಿಲ್ಲ. ಪುರಿಗಡಲೆಯ ಪೊಟ್ಟಣ ಬಿಚ್ಚಿ ಅಜ್ಜಿಯ ಮುಂದೆ ಹಿಡಿದರು. ಅಜ್ಜಿ ಒಂದು ಹಿಡಿ ತೆಗೆದುಕೊಂಡಳು. ನಮ್ಮ ಊರು ಯಾವುದು, ನಮ್ಮ ಕಡೆ ನೀರು ಬಂತಾ, ನನಗೆ ಮದುವೆ ಆಗಿದೆಯಾ ಎಲ್ಲ ಕೇಳಿದಳು. ಆಮೇಲೆ ಮೇಡಂ ಕಿಟಕಿಯ ಹೊರಗೆ ನೋಡುತ್ತ, "ಅಜ್ಜಿ, ನೀವೇನು ಕೆಲಸ ಮಾಡ್ತೀರಿ?" ಎಂದರು.

"ನಾನೇನ್ ಮಾಡ್ತೀನವ್ವಾ?" ಎಂದಳು ನಿಂಗಮ್ಮ, ಗಂಟಿನ ಮೇಲೆ ಕೈಯಿಟ್ಟುಕೊಂಡು. "ಏನೂ ಇಲ್ಲ. ವಯಸ್ಸಾಯ್ತು. ಸುಮ್ಕೆ ಮನೇಲಿ ಕುಂತಿರ್ತೀನಿ."

ನಾನು ಮೇಡಂ ಕಡೆ ತಿರುಗಿದೆ. ಉದ್ಯೋಗ: ಇಲ್ಲ. ನಾನು ಹೊಂಗೆಯ ಕೆಳಗೆ ಬರೆದದ್ದೂ ಇದನ್ನೇ! ಆ ಕ್ಷಣ ನನಗೆ ಗೆದ್ದ ಹಾಗಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಮೇಡಂ ಕಣ್ಣು ಮುಚ್ಚಿದ್ದರು. ಅವರ ಆ ನಿದ್ದೆ ಎಷ್ಟರಮಟ್ಟಿಗೆ ನಿದ್ದೆಯಾಗಿತ್ತೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಭಾರತೀನಗರದಲ್ಲಿ ಅಜ್ಜಿ ಇಳಿದಳು. ಅವಳ ಹಿಂದೆ ನಾವು. ಬಸ್‌ಸ್ಟ್ಯಾಂಡಿನ ಹತ್ತಿರ ರಹಮತ್ ಸಾಬರು ಎಂಬುವರ ಟೈಲರ್ ಅಂಗಡಿ. ಅಜ್ಜಿ ಅಲ್ಲಿ ಕುಳಿತು ಗಂಟು ಬಿಚ್ಚಿದಳು. ಒಳಗೆ ಚಿಕ್ಕ ಚಿಕ್ಕ ಗಂಟುಗಳು, ಒಂದೊಂದಕ್ಕೂ ಒಂದೊಂದು ಬಣ್ಣದ ಅರಿವೆಯ ಪಟ್ಟಿ. ಪ್ರತಿಯೊಂದರಲ್ಲೂ ರವಿಕೆಗಳು. ಸಾಬರು ಕತ್ತರಿಸಿ ಮಿಷನ್ನಿನಲ್ಲಿ ಹೊಲಿದುಕೊಟ್ಟದ್ದಕ್ಕೆ ಹುಣಸೆಕೊಪ್ಪಲಿನ ಹೆಂಗಸರು ಮನೆಯಲ್ಲೇ ಕುಳಿತು ಕೈಹೊಲಿಗೆ ಹಾಕಿ, ಹುಕ್ಕು ಕೂರಿಸಿ ಕಳಿಸುತ್ತಿದ್ದರು. ಅಜ್ಜಿಗೆ ಓದು ಬಾರದು. ಕೆಂಪು ಪಟ್ಟಿ ಸಾಕಮ್ಮನದು, ಹಳದಿಯದು ಅವಳ ನಾದಿನಿಯದು, ಹೂವಿನದು ಮೇಲಿನ ಮನೆಯವರದು. ಯಾವುದೂ ಅದಲುಬದಲಾಗುತ್ತಿರಲಿಲ್ಲ. ಇನ್ನೊಂದು ಗಂಟಿನಲ್ಲಿ ನುಗ್ಗೆಸೊಪ್ಪು, ನಾಟಿಕೋಳಿ ಮೊಟ್ಟೆ, ಯಾರದೋ ಮುರಿದ ಕನ್ನಡಕ, ಮದ್ದಿನ ಚೀಟಿ. ಒಂದು ಕಡೆ ಕೊಟ್ಟಳು, ಇನ್ನೊಂದು ಕಡೆ ತೆಗೆದುಕೊಂಡಳು. ಔಷಧಿಯಂಗಡಿಯಲ್ಲಿ ನಿಂತು, ಈ ಮಾತ್ರೆ ಉಂಡ ಮೇಲೋ ಮುಂಚೆಯೋ ಎಂದು ಎರಡು ಸಲ ಕೇಳಿ ಬಾಯಿಪಾಠ ಮಾಡಿಕೊಂಡಳು. ಅವಳ ಹಿಂದೆ ಸುತ್ತುತ್ತ ನನ್ನ ತಲೆ ಸುತ್ತಿಬಂತು. ಇಡೀ ಊರು ಒಬ್ಬ ಮುದುಕಿಯ ತಲೆಯ ಮೇಲೆ ಕುಳಿತು ಪೇಟೆಗೆ ಬಂದಿತ್ತು.

"ಇವ್ರು ಒಂದಿನ ಬರ್ದೇ ಇದ್ರೆ ಮದ್ವೆ ಸೀಜನ್ನಲ್ಲಿ ನಾನು ಅಂಗಡಿ ಬಾಗ್ಲು ಹಾಕ್ಬೇಕು ಅಮ್ಮ" ಎಂದರು ಸಾಬರು ಮೇಡಂಗೆ, ಟೀ ತರಿಸುತ್ತ. "ಆದ್ರೆ ಇವ್ರು ನಂಗೂ ಹೇಳಲ್ಲ, ಏನೋ ಕೆಲ್ಸ ಮಾಡ್ತಾ ಇದೀನಿ ಅಂತ."

"ಇದ್ಯಾವ್ ಕೆಲ್ಸಾಂತ ಸಾಬ್ರೇ?" ಎಂದಳು ಅಜ್ಜಿ, ನಿಜವಾಗಿ ಅರ್ಥವಾಗದೆ. "ನಾನೆಂಗೂ ಬತ್ತೀನಿ. ಬತ್ತಾ ಅವ್ರುದೂ ತತ್ತೀನಿ. ನನ್ ಗದ್ದೆ ನಾಟಿಗೆ ಅವ್ರೆಲ್ಲಾ ಬರಾಕಿಲ್ವಾ?"

ವಾಪಸ್ಸು ಬರುವಾಗ ಮೇಡಂ ಎಚ್ಚರವಾಗಿಯೇ ಇದ್ದರು. ನಾನು ಕೊನೆಗೆ ಬಾಯಿಬಿಟ್ಟೆ. "ತಪ್ಪಾಯ್ತು ಮೇಡಂ."

"ಆಯ್ತು" ಎಂದರು. ಪುರಿಗಡಲೆಯ ಪೊಟ್ಟಣ ನನ್ನ ಕೈಗಿಟ್ಟು, "ನೀನು ಬೆವರು ಸುರಿಸಿ ಅವರ ಮನೆಗೆ ಹೋಗಿ, ನೆಟ್ಟಗೆ ಕೇಳಿ, ಅವರು ಹೇಳಿದ್ದನ್ನೇ ಬರೆದಿದ್ರೂ ಉದ್ಯೋಗ ಇಲ್ಲ ಅಂತಾನೇ ಬರೀತಿದ್ದೆ. ನಂಗೆ ನಿನ್ನ ಸುಳ್ಳಿಗಿಂತ ಅದರ ಭಯ ಜಾಸ್ತಿ ಕಣೇ. ಎಷ್ಟು ಊರಲ್ಲಿ ನಾನು ಹಂಗೆ ಬರೆಸಿಕೊಂಡು ಬಂದಿದೀನೋ" ಎಂದರು. ಅವರ ದನಿ ಎಂದಿನಂತಿರಲಿಲ್ಲ. ಆ ವಾರ ಪೂರ್ತಿ ನಾವು ಫಾರಂ ಹಿಡಿಯದೆ ಬಸ್ಸಿನಲ್ಲಿ ಓಡಾಡಿದೆವು. ಕುಳಿತೆವು, ನೋಡಿದೆವು, ಯಾರದೋ ಗಂಟು ಹಿಡಿದೆವು.

ಮಂಡ್ಯದಲ್ಲಿ ಸಭೆ ಸೇರಿತು. ಉದ್ದ ಮೇಜು, ಬಿಸ್ಕತ್ತು, ಹಸಿರು ಬಟ್ಟೆ. ಮೇಡಂ ತಮ್ಮ ಅಧ್ಯಯನದ ಮಾತು ಹೇಳಿದರು. ಒಬ್ಬ ಅಧಿಕಾರಿ ಹಾಳೆ ಮಗುಚುತ್ತ, "ಅದೆಲ್ಲ ಸರಿ ಮೇಡಂ, ಆ ಊರಲ್ಲಿ ಹತ್ತೋರು ಯಾರು? ಒಬ್ಬ ಮುದುಕಿ, ನಾಲ್ಕು ಸ್ಕೂಲ್ ಮಕ್ಕಳು. ನಮ್ಮ ಹತ್ರ ರಿಪೋರ್ಟ್ ಇದೆ" ಎಂದರು. ಮೇಡಂ ಉತ್ತರ ಕೊಡುತ್ತಾರೆಂದು ನಾನು ಕಾದೆ. ಅವರು ನನ್ನ ಕಡೆ ತಿರುಗಿ, "ಆ ಮುದುಕಿ ವಿಚಾರ ಇವಳಿಗೆ ಚೆನ್ನಾಗಿ ಗೊತ್ತು. ಹೇಳಮ್ಮ" ಎಂದುಬಿಟ್ಟರು.

ಎದ್ದು ನಿಂತೆ. ನಿಂಗಮ್ಮ ಪೇಟೆಗೆ ಏನೇನು ಹೊರುತ್ತಾಳೆ ಎಂದಷ್ಟೇ ಹೇಳಿ ಕೂರಬಹುದಿತ್ತು. ಆದರೆ ಹೊಂಗೆಮರ ಬಿಟ್ಟು ಆ ಕಥೆಯನ್ನು ಹೇಗೆ ಶುರುಮಾಡುವುದೆಂದೇ ನನಗೆ ಹೊಳೆಯಲಿಲ್ಲ. ಹಾಗಾಗಿ ಎಲ್ಲವನ್ನೂ ಹೇಳಿದೆ. ಕಿತ್ತ ಚಪ್ಪಲಿ, ನೆರಳು, ನಾನು ಕಟ್ಟಿದ ಮಂಡಿನೋವು, ಮರುದಿನ ಕಂಡ ಓಟ, ಪಟ್ಟಿ ಕಟ್ಟಿದ ಗಂಟುಗಳು. ಯಾರೋ ನಕ್ಕರು. ಇನ್ಯಾರೋ, "ಇಂಥೋರ್ನ ಇಟ್ಕೊಂಡು ರಿಸರ್ಚ್ ಬೇರೆ" ಎಂದರು. ಆದರೂ ಮುಗಿಸಿಯೇ ಕುಳಿತೆ. "ಆ ಬಸ್ಸಿಗೆ ಒಬ್ಬ ಮುದುಕಿ ಹತ್ತುತ್ತಾಳೆ ಅಂತ ಬರೆದವರೂ ಎಲ್ಲೋ ನೆರಳಲ್ಲೇ ಕೂತು ಬರೆದಿರಬೇಕು ಸಾರ್" ಎಂದು ಕೊನೆಗೆ ಹೇಗೆ ಬಾಯಿಗೆ ಬಂತೋ, ಆ ಧೈರ್ಯ ನನ್ನದಲ್ಲ.

ಮೂಲೆಯಲ್ಲಿ ಡಿಪೋದ ಒಬ್ಬ ವಯಸ್ಸಾದ ಅಧಿಕಾರಿ ಅದುವರೆಗೆ ಮಾತೇ ಆಡಿರಲಿಲ್ಲ. "ಆ ರಿಪೋರ್ಟ್ ಬರ್ದೋನು ನಾನೇ ಕಣಮ್ಮ" ಎಂದರು. "ಟಿಕೆಟ್ ಪುಸ್ತಕ ನೋಡಿ ಬರ್ದೆ. ಊರಿಗೆ ಓಗಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ನಾನೂ ಬತ್ತೀನಿ."

ಬಂದರು. ನಿಂಗಮ್ಮನ ಒಂದು ಗಂಟು ಅವರ ತೊಡೆಯ ಮೇಲೂ ಕುಳಿತಿತು. ಅವಳು ಅವರಿಗೂ ಮದುವೆ ಆಗಿದೆಯಾ ಎಂದು ಕೇಳಿದಳು.

ಇದು ಗೆದ್ದ ಕಥೆ ಎಂದುಕೊಳ್ಳುತ್ತಿದ್ದೀರೇನೋ. ಅರ್ಧ ಗೆದ್ದೆವು. ಬೆಳಗಿನ ಬಸ್ಸು ಉಳಿಯಿತು. ಸಂಜೆಯದನ್ನು ಉಳಿಸಿಕೊಳ್ಳಲು ಆ ಅಧಿಕಾರಿಗೂ ಆಗಲಿಲ್ಲ. ಅದು ದೊಡ್ಡ ರಸ್ತೆಯಲ್ಲೇ ನೆಟ್ಟಗೆ ಹೋಗತೊಡಗಿತು. ಊರಿನ ದಾರಿ ದೊಡ್ಡ ರಸ್ತೆಗೆ ಕೂಡುವ ಜಾಗಕ್ಕೆ ನಮ್ಮ ಕಡೆ ಗೇಟು ಎನ್ನುತ್ತಾರೆ, ಅಲ್ಲಿ ಯಾವ ಗೇಟೂ ಇರುವುದಿಲ್ಲ. ಸಂಜೆ ಅಜ್ಜಿ ಆ ಗೇಟಿನಲ್ಲಿ ಇಳಿದು, ಗಂಟು ಹೊತ್ತು ಸುಮಾರು ಎರಡು ಮೈಲಿ ನಡೆಯಬೇಕಾಯಿತು. ಅದನ್ನು ನೆನೆದು ನಾನು ಅತ್ತೆ. ಮೇಡಂ ಅಳಲಿಲ್ಲ, ಆದರೆ ಎರಡು ದಿನ ಪುರಿಗಡಲೆ ಮುಟ್ಟಲಿಲ್ಲ. ಅಧ್ಯಯನ ಮುಗಿಸಿ, ಕೋಣೆ ಖಾಲಿ ಮಾಡಿ, ಮೈಸೂರಿಗೆ ಹೋದರು. ನನಗೂ ಮಂಡ್ಯದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವಾಯಿತು.

ಒಂದು ವರ್ಷ ಕಳೆದ ಮೇಲೆ ಮೇಡಂ ಬಂದರು. "ನಡಿ, ಹುಣಸೆಕೊಪ್ಪಲಿನ ಗೇಟಿಗೆ ಹೋಗಿ ಬರೋಣ" ಎಂದರು. ನಾವು ಮುಟ್ಟಿದಾಗ ಸಂಜೆಯ ಬಿಸಿಲು ಗದ್ದೆಯ ಮೇಲೆ ಮಲಗಿತ್ತು. ಗೇಟಿನ ಆಲದ ಕೆಳಗೆ ಏಳೆಂಟು ಹೆಂಗಸರು. ಒಬ್ಬಳ ಕೈಯಲ್ಲಿ ಸೈಕಲ್ಲು, ಇನ್ನೊಬ್ಬಳ ಕಂಕುಳಲ್ಲಿ ಮಗು. ಬಸ್ಸು ಬಂತು. ನಿಂಗಮ್ಮ ಇಳಿದಳು. ಇಳಿದವಳ ಗಂಟುಗಳನ್ನು ಆ ಹೆಂಗಸರು ಒಬ್ಬೊಬ್ಬರೂ ಒಂದೊಂದು ತೆಗೆದುಕೊಂಡರು. ಅವಳು ಬರಿಗೈ ಬೀಸಿಕೊಂಡು ಮುಂದೆ ನಡೆದಳು.

ಕೆಂಪು ಪಟ್ಟಿಯ ಸಾಕಮ್ಮ ನಮ್ಮನ್ನು ಗುರುತು ಹಿಡಿದು ನಿಂತಳು. "ದಿನಾ ಬತ್ತೀವಿ ಕಣಕ್ಕ" ಎಂದಳು ನನಗೆ. "ಅತ್ತೆ ಒಬ್ಳೇ ಎಂಗೆ ಹೊತ್ಕಂಡ್ ಬಂದಾಳು? ಮೊದ್ಲು ನಮ್ ಮನೆಯೋರು ಗೇಟಿನ್ ತಂಕ ಯಾಕೆ ಅಂತಿದ್ರು. ಈಗ ಏನೂ ಅನ್ನಾಕಿಲ್ಲ. ಓದ್ ವಾರ ಮುಂಚೇನೇ ಗೇಟಿನ್ ತಂಕ ಬಂದೋಳು ಅಂಗೇ ಆ ಕಡೆ ಓಗೋ ಬಸ್ ಹತ್ತಿ ಭಾರತೀನಗರಕ್ಕೇ ಓಗ್ಬುಟ್ಟೆ! ಸಾಬರ ಅಂಗ್ಡೀಲಿ ಮಿಷನ್ ತುಳ್ಯೋದು ಕಲೀತಾ ಇವ್ನಿ."

ಹೆಂಗಸರ ಸಾಲು ಏರಿಯ ಮೇಲೆ ಮಾತಾಡುತ್ತ, ನಗುತ್ತ ದೂರವಾಯಿತು. ನಾಲೆಯ ನೀರಿನಲ್ಲಿ ಅವರ ನೆರಳೂ ಜೊತೆಗೇ ನಡೆದು ಹೋಯಿತು. ಊರಿನ ಕಡೆಯಿಂದ ಒಲೆಯ ಹೊಗೆ ಎದ್ದು ಗದ್ದೆಯ ಮೇಲೆ ನಿಂತಿತ್ತು. ಮೇಡಂ ಮತ್ತೆ ನಿದ್ದೆಗೆ ಹೋದರೇನೋ ಎಂದು ನೋಡಿದೆ. ಕಣ್ಣು ತೆರೆದೇ ಇತ್ತು, ತೇವವಾಗಿತ್ತು.

"ಇದು ನನ್ನ ಅಧ್ಯಯನದಲ್ಲಿ ಎಲ್ಲೂ ಇಲ್ಲ ಕಣೇ" ಎಂದರು. "ಸಂಜೆ ಬಸ್ಸು ನಿಂತ್ರೆ ಊರು ಒಳಗೊಳಗೇ ಮುದುರಿಕೊಳ್ಳುತ್ತೆ ಅಂತ ಬರೆದಿದೀನಿ. ಎಷ್ಟು ಖಚಿತವಾಗಿ ಬರೆದಿದೀನಿ ಗೊತ್ತಾ!" ಎಂದು, ಅದುವರೆಗೆ ನಾನು ಕೇಳಿರದಂಥ ನಗು ನಕ್ಕರು. ತಾನು ತಪ್ಪಿದೆನೆಂದು ಇಷ್ಟು ಸಂತೋಷಪಟ್ಟವರನ್ನು ನಾನು ಆಮೇಲೆ ಕಂಡಿಲ್ಲ. ಬಸ್ಸು ಬೇಡವಾಗಿತ್ತು ಎಂದೇನೂ ಅವರು ಹೇಳಲಿಲ್ಲ. ಮಳೆಗಾಲದಲ್ಲಿ ಆ ಹೆಂಗಸರು ನೆನೆದುಕೊಂಡು ನಡೆದಿದ್ದರು ಎಂಬುದನ್ನೂ ಕೇಳಿ ತಿಳಿದುಕೊಂಡರು. ಎರಡೂ ನಿಜ, ಎರಡನ್ನೂ ಬರೆಯಬೇಕು ಎಂದರು. ಬರೆದರು ಕೂಡ.

ಈಗ ಮೇಡಂ ಇಲ್ಲ. ನಿಂಗಮ್ಮನೂ ಇಲ್ಲ. ನಾನು ಪಾಠ ಹೇಳುವ 'ಹಳ್ಳಿಯ ಆರ್ಥಿಕತೆ' ಎಂಬ ವಿಷಯದಲ್ಲಿ ಅವರಿಬ್ಬರ ಹೆಸರೂ ಬರುವುದಿಲ್ಲ, ಬರುವ ಹಾಗೂ ಇಲ್ಲ. ನಾನು ಕಲಿತೆ ಅಂದುಕೊಂಡದ್ದನ್ನು ಎಷ್ಟು ಸಲ ಮರೆತಿದ್ದೇನೋ ಲೆಕ್ಕವಿಲ್ಲ. ಅದಕ್ಕೆ ನಿನ್ನೆಯದನ್ನೂ ಹೇಳಿ ಮುಗಿಸಿಬಿಡುತ್ತೇನೆ.

ನಿನ್ನೆ ಬೆಳಗ್ಗೆ ನಮ್ಮ ಮನೆಗೇ ಸಮೀಕ್ಷೆಯ ಹುಡುಗಿಯೊಬ್ಬಳು ಬಂದಳು. ಕೈಯಲ್ಲಿ ಮೊಬೈಲು, ಕೊರಳಲ್ಲಿ ಗುರುತಿನ ಚೀಟಿ. ಬಾಗಿಲಲ್ಲೇ ನಿಂತು ನನ್ನ ಹೆಸರು, ನನ್ನ ಯಜಮಾನರ ಹೆಸರು, ಉದ್ಯೋಗ ಎಲ್ಲ ಒತ್ತಿಕೊಂಡಳು. ಒಳಗೆ ಕುಳಿತಿದ್ದ ನನ್ನ ಅತ್ತೆಯವರನ್ನು ಕಂಡು, "ಅಜ್ಜಿ ಏನ್ ಕೆಲಸ ಮಾಡ್ತಾರೆ ಮೇಡಂ?" ಎಂದಳು. ಕಾಲೇಜಿಗೆ ಹೊತ್ತಾಗಿತ್ತು.

"ಏನೂ ಇಲ್ಲಮ್ಮ, ಮನೇಲೇ..." ಎಂದೆ. ಎಂದು, ನಿಂತೆ.

ಹುಡುಗಿ ಬೆರಳೆತ್ತಿ ಕಾಯುತ್ತಿದ್ದಳು.

"ಒಳಗೆ ಬಾ, ಕೂತ್ಕೊ" ಎಂದೆ. "ಅವರನ್ನೇ ಕೇಳೋಣ."

ಅತ್ತೆಯವರು ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು. ಹುಡುಗಿ ಕೇಳಿದಳು. ಅವರು ತಲೆ ಎತ್ತದೆ, "ನಾನೇನ್ ಮಾಡ್ತೀನವ್ವಾ, ಈ ವಯಸ್ಸಲ್ಲಿ" ಎಂದರು. ನಾನು ಗೋಡೆಗೊರಗಿ ನೆಲದ ಮೇಲೆ ಕುಳಿತೆ. ಏನೂ ಹೇಳಲಿಲ್ಲ. ಹುಡುಗಿಯೂ ನನ್ನನ್ನು ನೋಡಿ ಸುಮ್ಮನಾದಳು. ಗಡಿಯಾರ ಓಡುತ್ತಿತ್ತು. ನಾಲ್ಕು ಕಾಯಿ ಸುಲಿದರು, ಐದು ಸುಲಿದರು.

"ಅಲ್ಲ, ಎದುರು ಮನೆ ಮಗೀನ ಅವ್ರಮ್ಮ ಬರೋಗಂಟ ನಾನೇ ನೋಡ್ಕೊತೀನಿ" ಎಂದರು ಅತ್ತೆ, ತಮಗೇ ಹೇಳಿಕೊಳ್ಳುವ ಹಾಗೆ. "ಆಮೇಕೆ ಆ ಮೂಲೆ ಮನೇಳು ಆಸ್ಪತ್ರೆಗೆ ಓದ್ರೆ..."

ಹನ್ನೆರಡು ವರ್ಷ ಒಂದೇ ಸೂರಿನಡಿ ಇದ್ದೂ ನನಗೆ ಇದು ಗೊತ್ತಿರಲಿಲ್ಲ. ಹುಡುಗಿ ಮೊಬೈಲನ್ನು ಮಗುಚಿ ನೆಲದ ಮೇಲಿಟ್ಟಳು, ಮೊರದಿಂದ ಒಂದು ಹಿಡಿ ಅವರೆಕಾಯಿ ತನ್ನ ಮಡಿಲಿಗೆ ಎಳೆದುಕೊಂಡು ಸುಲಿಯಲು ಕುಳಿತಳು. ನಾನು ಕಾಲೇಜಿಗೆ ಫೋನ್ ಮಾಡಿ, ಮೊದಲ ಪಾಠಕ್ಕೆ ಬರುವುದಿಲ್ಲ ಎಂದು ಹೇಳಿದೆ.